ಅಡಿಗಲ್ಲು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಅಡಿಗಲ್ಲುಗಳ ಗುರುತು ಮತ್ತು ಬೆಲೆ

ಕುಲುಮೆಯಲ್ಲಿ ಕಾಯಿಸಿದ ಲೋಹವನ್ನು ಇರಿಸಿ, ಸುತ್ತಿಗೆಯಿಂದ ಬಡಿದು ರೂಪಕ್ಕೆ ತರಲು ಆಧಾರವಾಗುವ ಕಬ್ಬಿಣದ ಅಥವಾ ಉಕ್ಕಿನ ಗಟ್ಟಿ ಪೀಠಕ್ಕೆ ಅಡಿಗಲ್ಲು ಎಂದು ಹೆಸರು. ಅಡೆಗಲ್ಲು, ಅಡಗಲ್ಲು ಎಂಬ ರೂಪಗಳೂ ಬಳಕೆಯಲ್ಲಿವೆ. ಮರಾಠಿಯಲ್ಲಿ ಇದನ್ನು ಐರಣ ಎನ್ನುತ್ತಾರೆ. ಅಡಿಗಲ್ಲಿನ ತೂಕ ಸುತ್ತಿಗೆಯ ತೂಕಕ್ಕಿಂತ ಹಲವು ಪಟ್ಟು ಹೆಚ್ಚಿದ್ದು, ಅದರ ಮೇಲ್ಮೈ ಸಾಕಷ್ಟು ಗಡಸಾಗಿದ್ದಾಗ ಮಾತ್ರ ಪೆಟ್ಟಿನ ಶಕ್ತಿ ಅಡಿಗಲ್ಲನ್ನು ಅಲುಗಿಸುವುದರಲ್ಲಿಯೋ ತಗ್ಗಿಸುವುದರಲ್ಲಿಯೋ ಕಳೆದುಹೋಗದೆ, ಕಾದ ಕಬ್ಬಿಣದೊಳಕ್ಕೆ ಇಳಿಯುತ್ತದೆ. ಆದ್ದರಿಂದ ತೂಕ, ಗಡಸುತನ ಮತ್ತು ನೆಲದೊಂದಿಗಿನ ಬಿಗಿಯಾದ ಕೂಡಿಕೆ ಈ ಮೂರೂ ಅಡಿಗಲ್ಲಿನ ಗುಣವನ್ನು ನಿರ್ಧರಿಸುತ್ತವೆ. ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಾದ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳಲ್ಲಿ ಒಂದೇ ಕಸುಬಿನ ಈ ಉಪಕರಣ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಮೂಲಗಳಿಂದ ಬಂದಿದೆ. ಊರಿನಲ್ಲಿಯೇ ಬಡಿದು ಮಾಡಿದ ಚೌಕ ಗಟ್ಟಿ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಕೊಂಬಿನ ಅಡಿಗಲ್ಲು, ರೈಲು ಕಂಬಿಯ ತುಂಡು, ಇತ್ತೀಚಿನ ಎರಕದ ಅಡಿಗಲ್ಲು ಇವು ಅದರ ಮುಖ್ಯ ಬಗೆಗಳು.

ಸೀಮೆ ಮತ್ತು ಕಸುಬು

ಈ ನಾಲ್ಕು ತಾಲೂಕುಗಳ ಕಮ್ಮಾರಿಕೆ ಮಣ್ಣನ್ನು ಅನುಸರಿಸಿ ಬೆಳೆದದ್ದು. ಬೈಲಹೊಂಗಲ ಮತ್ತು ಸವದತ್ತಿಯ ಬಹುಭಾಗ ಹತ್ತಿ, ಜೋಳ, ಗೋದಿ, ಕಡಲೆ ಬೆಳೆಯುವ ಎರೆಭೂಮಿ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು ತಾಗಿ ಕೆಂಪು ಮಣ್ಣು ಹಾಗೂ ಭತ್ತದ ಗದ್ದೆಗಳು ಆರಂಭವಾಗುತ್ತವೆ. ರಾಮದುರ್ಗವು ಮಲಪ್ರಭೆಯ ದಂಡೆಯಲ್ಲಿದ್ದರೂ ಮಳೆ ಕಡಿಮೆಯಾದ, ಕೈಮಗ್ಗದ ನೇಕಾರಿಕೆಗೆ ಹೆಸರಾದ ಸೀಮೆ. ಎರೆಹೊಲಕ್ಕೆ ಬೇಕಾದ ಉಪಕರಣಗಳಲ್ಲಿ ಕುಂಟೆಯದು ಹಿರಿಯ ಸ್ಥಾನ. ಅದರ ಕುಡ, ಎಂದರೆ ನೆಲದೊಳಗೆ ಅಡ್ಡಲಾಗಿ ಸರಿದು ಕಳೆಯ ಬೇರನ್ನು ಕತ್ತರಿಸುವ ಉದ್ದನೆಯ ಕಬ್ಬಿಣದ ಪಟ್ಟಿ, ಪ್ರತಿ ಹಂಗಾಮಿನಲ್ಲಿಯೂ ಸವೆದು ಮೊಂಡಾಗುವುದರಿಂದ ಅದನ್ನು ಕಾಯಿಸಿ ಬಡಿದು ಅಂಚು ತೆಗೆಯಬೇಕಾಗುತ್ತದೆ. ಈ ಕೆಲಸಕ್ಕೆ ಹಣಿಯುವುದು ಎನ್ನುತ್ತಾರೆ. ಇದರ ಜೊತೆಗೆ ರಂಟೆಯ ಕುಳ, ಕೂರಿಗೆಯ ತಾಳುಗಳ ತುದಿ, ಕುಡುಗೋಲು, ಕುರ್ಪಿ, ಕೊಡಲಿ, ಎತ್ತಿನ ಕಾಲಿನ ನಾಲು, ಚಕ್ಕಡಿಯ ಅಚ್ಚು ಮತ್ತು ಗಾಲಿಯ ಹಳಿ ಇವೆಲ್ಲ ಅದೇ ಅಡಿಗಲ್ಲಿನ ಮೇಲೆ ಆಗುತ್ತಿದ್ದವು.

ಈ ಭಾಗದಲ್ಲಿ ಕಮ್ಮಾರನನ್ನು ಕಂಬಾರನೆಂದೂ ಅವನ ಕುಲುಮೆಯ ಮನೆಯನ್ನು ಕಂಬಾರಸಾಲೆಯೆಂದೂ ಕರೆಯುವುದು ರೂಢಿ. ಜ್ಞಾನಪೀಠ ಪುರಸ್ಕೃತ ಸಾಹಿತಿ ಚಂದ್ರಶೇಖರ ಕಂಬಾರರ ಮನೆತನದ ಹೆಸರಿನಲ್ಲಿ ಉಳಿದಿರುವುದೂ ಇದೇ ಜಿಲ್ಲೆಯ ಇದೇ ಕಸುಬು. ಕಂಬಾರ ಹಾಗೂ ಬಡಿಗರು ಊರಿನ ಆಯಗಾರರಲ್ಲಿ ಸೇರಿದ್ದರು. ವರ್ಷವಿಡೀ ರೈತನ ಉಪಕರಣಗಳನ್ನು ಸರಿಯಾಗಿಟ್ಟುಕೊಡುವ ಹೊಣೆಗೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಮೇಲೆ ಕಾಳು ಪಡೆಯುವ ಈ ಏರ್ಪಾಡಿಗೆ ಆಯ ಎಂದು ಹೆಸರು. ಅಡಿಗಲ್ಲು ಹೀಗೆ ಒಂದು ಮನೆಯ ಸೊತ್ತಾಗಿದ್ದರೂ ಅದರ ಮೇಲಿನ ಕೆಲಸ ಇಡೀ ಊರಿನದಾಗಿತ್ತು. ಬೆಲೆ ಕಟ್ಟುವಾಗ ಈ ಸಂಗತಿ ಏಕೆ ಮುಖ್ಯವೆಂಬುದು ಮುಂದೆ ಬರುತ್ತದೆ.

ಸವದತ್ತಿ ತಾಲೂಕಿನ ಶಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ, ಅವರಲ್ಲಿಯೂ ಕಬ್ಬಿಣದ ಕೆಲಸದವರ ಆರಾಧ್ಯದೇವತೆ. ಯುಗಾದಿಯ ಹೊತ್ತಿಗೆ ಅಲ್ಲಿ ನಡೆಯುವ ಜಾತ್ರೆಗೆ ದೂರದ ಜಿಲ್ಲೆಗಳಿಂದಲೂ ಕುಶಲಕರ್ಮಿಗಳು ಬರುತ್ತಾರೆ. ಮಹಾನವಮಿಯ ಖಂಡೇಪೂಜೆಯಲ್ಲಿ ಅಡಿಗಲ್ಲಿಗೆ ಪೂಜೆ ಸಲ್ಲುವುದರಿಂದ ಹಳೆಯ ಅಡಿಗಲ್ಲುಗಳ ಪಕ್ಕಗಳಲ್ಲಿ ಎಣ್ಣೆ, ಅರಿಸಿನ, ಕುಂಕುಮ ಹಾಗೂ ಹೊಗೆ ಸೇರಿ ಗಟ್ಟಿಯಾದ ಕರಿಯ ಪದರ ಕಂಡುಬರುತ್ತದೆ. ಇದನ್ನು ಕೊಳೆಯೆಂದು ಬಗೆದು ಕೆರೆದು ತೆಗೆಯಬಾರದು.

ಊರಿನ ಚೌಕ ಗಟ್ಟಿ

ಕೊಂಬಿಲ್ಲದ, ಸೊಂಟವಿಲ್ಲದ, ಮೇಲೆ ಚೌಕವಾಗಿದ್ದು ಕೆಳಕ್ಕೆ ತುಸು ಕಿರಿದಾಗುತ್ತ ಹೋಗುವ ಗಟ್ಟಿಯು ಈ ಸೀಮೆಯ ಅತ್ಯಂತ ಹಳೆಯ ಬಗೆ. ಇದರ ಕೆಳಭಾಗವನ್ನು ಜಾಲಿಯಂಥ ಗಟ್ಟಿ ಮರದ ದಿಮ್ಮಿಯೊಳಕ್ಕೆ ಬಡಿದು ಕೂಡಿಸಿ, ದಿಮ್ಮಿಯನ್ನು ಮೇಲ್ತುದಿಯವರೆಗೆ ನೆಲದಲ್ಲಿ ಹೂಳುವುದು ಪದ್ಧತಿ. ಕಂಬಾರ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಕೆಲಸ ಮಾಡಿದರೆ, ಎದುರಿಗೆ ನಿಂತವರು ಘಣ, ಎಂದರೆ ಎರಡು ಕೈಯ ದೊಡ್ಡ ಸುತ್ತಿಗೆಯನ್ನು ಬೀಸುತ್ತಾರೆ. ಅಡಿಗಲ್ಲಿನ ಎತ್ತರ ಇಷ್ಟು ಕಡಿಮೆಯಿರಲು ಕಾರಣ ಈ ಕುಳಿತ ಭಂಗಿ; ನಿಂತು ಕೆಲಸ ಮಾಡುವ ಯುರೋಪಿನ ಕಮ್ಮಾರನ ಅಡಿಗಲ್ಲಿನೊಂದಿಗೆ ಇದನ್ನು ಹೋಲಿಸಿ, ಇದು ಅಪೂರ್ಣವಾದ ಉಪಕರಣವೆಂದು ತೀರ್ಮಾನಿಸುವುದು ಸರಿಯಲ್ಲ. ನೆಲದಲ್ಲಿ ಹೂತ ದಿಮ್ಮಿ ಮಣ್ಣಿನ ಭಾರವನ್ನೂ ತನ್ನದಾಗಿಸಿಕೊಳ್ಳುವುದರಿಂದ ಸಣ್ಣ ಗಟ್ಟಿಯೂ ತನ್ನ ತೂಕಕ್ಕೆ ಮೀರಿದ ಪೆಟ್ಟನ್ನು ತಾಳುತ್ತದೆ.

ಗಟ್ಟಿಯ ಗಾತ್ರ ಸಣ್ಣದಾಗಲು ಲೋಹದ ಮೂಲವೂ ಕಾರಣ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಈ ಸುತ್ತಿನಲ್ಲಿ ಅದಿರನ್ನು ಇದ್ದಿಲಿನೊಂದಿಗೆ ಮಣ್ಣಿನ ಒಲೆಗಳಲ್ಲಿ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಕಿತ್ತೂರಿಗೆ ಹತ್ತಿರದ ತೇಗೂರು ಮತ್ತು ಗದಗ ಕಡೆಯ ಕಪ್ಪತಗುಡ್ಡದ ಡೋಣಿ ಇಂಥ ಸ್ಥಳಗಳು. ಅಂಥ ಒಲೆಯಲ್ಲಿ ಕಬ್ಬಿಣ ಕರಗಿ ಹರಿಯುವುದಿಲ್ಲ, ಮೆತ್ತನೆಯ ಉಂಡೆಯಾಗಿ ಕೂಡುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರಹಾಕಬೇಕು. ಒಂದು ಒಲೆಯಿಂದ ದೊರೆಯುವುದು ಕೆಲವೇ ಕಿಲೊಗ್ರಾಂ ಆದುದರಿಂದ ದೊಡ್ಡ ಗಟ್ಟಿ ಬೇಕಾದರೆ ಹಲವು ಉಂಡೆಗಳನ್ನು ಒಂದಕ್ಕೊಂದು ಬೆಸೆಯಬೇಕಿತ್ತು. ಈ ಬೆಸುಗೆಯ ಗೆರೆಗಳೇ ಇಂಥ ಅಡಿಗಲ್ಲನ್ನು ಗುರುತಿಸುವ ಮೊದಲ ಆಧಾರ. ತುಕ್ಕು ಹಿಡಿದ ಪಕ್ಕವನ್ನು ಓರೆಬೆಳಕಿನಲ್ಲಿ ನೋಡಿದಾಗ ಮರದ ನಾರಿನಂತೆ ಒಂದೇ ದಿಕ್ಕಿಗೆ ಸಾಗುವ ಎಳೆಗಳೂ, ಅಲ್ಲಲ್ಲಿ ಪದರ ಬಿಚ್ಚಿದ ಸೀಳುಗಳೂ ಕಾಣುತ್ತವೆ. ಕಾರ್ಖಾನೆಯಲ್ಲಿ ಉರುಳೆಗೆ ಕೊಟ್ಟ ಮೆದು ಉಕ್ಕಿನಲ್ಲಿ ಈ ನಾರು ಇರುವುದಿಲ್ಲ. ಅದರ ತುಕ್ಕು ಸಣ್ಣ ಗುಂಡಿಗಳಾಗಿ ಎಲ್ಲ ಕಡೆಯೂ ಸಮನಾಗಿ ಹರಡುತ್ತದೆ.

ಹೀಗೆ ತೆಗೆದ ಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಬಹಳ ಕಡಿಮೆ. ಅದನ್ನು ಕಾಯಿಸಿ ನೀರಿನಲ್ಲಿ ಅದ್ದಿದರೂ ಗಡಸಾಗುವುದಿಲ್ಲ. ಆದುದರಿಂದ ಮೇಲ್ಮೈಗೆ ಉಕ್ಕಿನ ಫಲಕ ಬೆಸೆಯದ ಗಟ್ಟಿಗಳು ಬಳಕೆಯಲ್ಲಿ ತಗ್ಗಿ, ಅಂಚುಗಳು ಹೊರಕ್ಕೆ ಮಡಚಿ, ಬದಿಯಿಂದ ನೋಡಿದರೆ ಅಣಬೆಯಂತೆ ಕಾಣುತ್ತವೆ. ಕಂಬಾರ ಆ ಅಂಚನ್ನು ಚಾಣದಿಂದ ಕಡಿದು, ತಗ್ಗಿದ ಮೈಯನ್ನು ಮತ್ತೆ ಕಾಯಿಸಿ ಸಮಮಾಡಿ, ಕೆಲವೊಮ್ಮೆ ಗಟ್ಟಿಯನ್ನೇ ತಿರುಗಿಸಿ ಬೇರೊಂದು ಮುಖವನ್ನು ಮೇಲೆ ತರುತ್ತಾನೆ. ಒಂದೇ ಗಟ್ಟಿಯ ಎರಡು ಮೂರು ಮುಖಗಳ ಮೇಲೆ ಪೆಟ್ಟಿನ ಗುರುತು ಇದ್ದರೆ ಅದು ಹೀಗೆ ಬಾಳಿ ಬಂದದ್ದು. ಗಟ್ಟಿಯ ಇಂದಿನ ತೂಕ ಅದರ ಮೂಲ ತೂಕವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಸವಕಳಿ ಏನು ಹೇಳುತ್ತದೆಯೆಂಬುದನ್ನು ಓದುವುದು ಈ ಬಗೆಯ ಅಡಿಗಲ್ಲಿನ ಗುರುತಿನಲ್ಲಿ ಅತಿ ಮುಖ್ಯವಾದ, ಆದರೆ ಅತಿ ಕಡಿಮೆ ನಡೆದಿರುವ ಕೆಲಸ. ಕುಂಟೆಯ ಕುಡವನ್ನು ಹಣಿಯುವಾಗ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಅಂಚಿನುದ್ದಕ್ಕೂ ಬಡಿಯುತ್ತ ಸರಿಸುವುದರಿಂದ ಕಂಬಾರನ ಕಡೆಯ ಅಂಚು ಉದ್ದಕ್ಕೆ ದುಂಡಗಾಗಿ, ಮುಖದ ನಡುವೆ ಅಗಲವಾದ, ಆಳವಿಲ್ಲದ ತಗ್ಗು ಮೂಡುತ್ತದೆ. ಕುಳದ ಮೊನೆಯನ್ನು ಮುಂದಕ್ಕೆ ಎಳೆಯುವ ಕೆಲಸದಲ್ಲಿ ಪೆಟ್ಟು ಒಂದು ಮೂಲೆಯ ಸುತ್ತ ಕೂಡಿ, ಅಲ್ಲಿ ಸಣ್ಣ ಆಳವಾದ ಕುಳಿಯಾಗುತ್ತದೆ. ಎರೆಭೂಮಿಯ ಊರುಗಳಲ್ಲಿ ಮೊದಲ ಬಗೆಯ ಸವಕಳಿಯನ್ನು, ಮಸಾರಿ ಮತ್ತು ಕಲ್ಲುನೆಲದ ಊರುಗಳಲ್ಲಿ ಎರಡನೆಯದನ್ನು ನಿರೀಕ್ಷಿಸಬಹುದು. ಕೊಡಲಿಯ ಕಾವು ಕೂಡುವ ತೂತು ಬಿಡಲು, ನಾಲಿನ ಮೊಳೆತೂತು ಹೊಡೆಯಲು ಊರಿನ ಗಟ್ಟಿಯಲ್ಲಿ ಸ್ಥಳವಿರುವುದಿಲ್ಲ. ಅದಕ್ಕೆ ನಡುವೆ ತೂತಿರುವ ಪ್ರತ್ಯೇಕ ಕಬ್ಬಿಣದ ತುಂಡನ್ನು ಮೇಲಿಟ್ಟು ಬಳಸುತ್ತಾರೆ. ಅಡಿಗಲ್ಲು ಸಿಕ್ಕಿದಲ್ಲಿ ಈ ತುಂಡನ್ನೂ ಹುಡುಕಬೇಕು, ಏಕೆಂದರೆ ಎರಡೂ ಸೇರಿದಾಗಲೇ ಉಪಕರಣ ಪೂರ್ಣವಾಗುತ್ತದೆ.

ಊರೂರು ತಿರುಗುವ ಘಿಸಾಡಿಗಳ ಅಡಿಗಲ್ಲು ಇದಕ್ಕಿಂತಲೂ ಚಿಕ್ಕದು. ಬಯಲಿನಲ್ಲಿ ಬಿಡಾರ ಹೂಡಿ ಕೆಲಸ ಮಾಡುವ ಈ ಸಮುದಾಯದವರು ಬಯಲುಕಮ್ಮಾರರೆಂದೂ ಕರೆಯಿಸಿಕೊಳ್ಳುತ್ತಾರೆ. ಅವರಲ್ಲಿ ಹೆಂಗಸರೂ ಘಣ ಬೀಸುತ್ತಾರೆ. ಅವರ ಅಡಿಗಲ್ಲಿನ ಬುಡ ಗೂಟದಂತೆ ಚೂಪಾಗಿರುವುದು, ಹೋದಲ್ಲೆಲ್ಲ ನೆಲಕ್ಕೆ ಬಡಿದು ನಿಲ್ಲಿಸಲು ಅನುಕೂಲವಾಗಲೆಂದು.

ಕೊಂಬಿನ ಅಡಿಗಲ್ಲು

ಒಂದು ತುದಿಯಲ್ಲಿ ಕೊಂಬು, ನಡುವೆ ಚಪ್ಪಟೆ ಮುಖ, ಕೆಳಗೆ ಕಿರಿದಾದ ಸೊಂಟ ಮತ್ತು ಅಗಲವಾದ ಪಾದಗಳಿರುವ ಅಡಿಗಲ್ಲು ಈ ಸೀಮೆಗೆ ಬ್ರಿಟಿಷರ ಕಾಲದಲ್ಲಿ ಬಂದದ್ದು. ಬೆಳಗಾವಿಯ ದಂಡುಪ್ರದೇಶ, ಹತ್ತಿಯ ವ್ಯಾಪಾರ ಮತ್ತು ರೈಲು ಇದಕ್ಕೆ ದಾರಿ ಮಾಡಿಕೊಟ್ಟವು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ–ಬೆಳಗಾವಿ ಭಾಗದ ಹತ್ತಿಗೆ ಬೇಡಿಕೆ ಏರಿತು; ಹತ್ತಿಯ ಅಂಡಿಗೆಗಳು ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ಗಾಲಿಯ ಹಳಿ, ಅಚ್ಚು ಮತ್ತು ಹತ್ತಿ ಬಿಡಿಸುವ ಗರಗಸಯಂತ್ರಗಳ ದುರಸ್ತಿಗೆ ದೊಡ್ಡ ಅಡಿಗಲ್ಲು ಬೇಕಾಯಿತು. ಅದೇ ಶತಮಾನದಲ್ಲಿ ಅಗ್ಗದ ವಿಲಾಯತಿ ಕಬ್ಬಿಣ ಬಂದು ಊರಿನ ಅದಿರಿನ ಒಲೆಗಳು ಆರಿದವು ಎಂಬುದನ್ನು ಗಮನಿಸಿದರೆ, ಅಡಿಗಲ್ಲಿನ ರೂಪ ಬದಲಾದದ್ದೂ ಕಬ್ಬಿಣದ ಮೂಲ ಬದಲಾದದ್ದೂ ಒಂದೇ ಕಥೆಯ ಭಾಗಗಳೆಂದು ತಿಳಿಯುತ್ತದೆ.

ಬ್ರಿಟಿಷ್ ಅಡಿಗಲ್ಲಿನ ಸಾಮಾನ್ಯ ರೂಪಕ್ಕೆ ಲಂಡನ್ ಮಾದರಿ ಎಂದು ಹೆಸರು. ಇದರಲ್ಲಿ ಕೊಂಬು ಮತ್ತು ಮುಖದ ನಡುವೆ ಒಂದು ಮೆಟ್ಟಿಲಿರುತ್ತದೆ. ಗಡಸು ಮಾಡದ ಈ ಮೆಟ್ಟಿಲ ಮೇಲೆ ಉಳಿಯಿಂದ ಕಬ್ಬಿಣ ಕತ್ತರಿಸಿದರೆ ಉಳಿಯ ಬಾಯಿ ಮುರಿಯುವುದಿಲ್ಲ. ಹಿಂತುದಿಯಲ್ಲಿ ಉಪಸಾಧನಗಳನ್ನು ನಿಲ್ಲಿಸಲು ಒಂದು ಚೌಕ ತೂತು, ಮೊಳೆತೂತು ಹೊಡೆಯಲು ಒಂದು ದುಂಡು ತೂತು ಇರುತ್ತವೆ. ದುಂಡು ತೂತು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದದ್ದರಿಂದ ಅದಿಲ್ಲದ ಅಡಿಗಲ್ಲು ಹೆಚ್ಚು ಹಳೆಯದಾಗಿರುವ ಸಂಭವವಿದೆ. ಸೊಂಟದ ಪಕ್ಕಗಳಲ್ಲಿಯೂ ತಳದಲ್ಲಿಯೂ ಕಾಣುವ ಚಿಕ್ಕ ಚೌಕ ಗುಳಿಗಳು ಕಾದ ಗಟ್ಟಿಯನ್ನು ಎತ್ತಿ ತಿರುಗಿಸಲು ಸಲಾಕೆ ತೂರಿಸಿದ ಸ್ಥಳಗಳಾಗಿದ್ದು, ಅಡಿಗಲ್ಲು ಎರಕದ್ದಲ್ಲ, ಬಡಿದು ಮಾಡಿದ್ದು ಎಂಬುದಕ್ಕೆ ಒಳ್ಳೆಯ ಸಾಕ್ಷಿಯಾಗುತ್ತವೆ.

ತಯಾರಕರಲ್ಲಿ ಶೆಫೀಲ್ಡಿನ ಮೌಸ್‌ಹೋಲ್ ಫೋರ್ಜ್ ಮತ್ತು ಡಡ್ಲಿಯ ಪೀಟರ್ ರೈಟ್ ಪ್ರಸಿದ್ಧರು. ಮೌಸ್‌ಹೋಲ್ ಅಡಿಗಲ್ಲಿನ ಮೇಲೆ ಆರ್ಮಿಟೇಜ್ ಮನೆತನದ ಹೆಸರೂ, ಕೆಲವು ಅವಧಿಯವುಗಳ ಮೇಲೆ ಇಲಿಯ ಚಿತ್ರವೂ ಇರುತ್ತವೆ. ಪೀಟರ್ ರೈಟ್ 1852ರಲ್ಲಿ ಪೇಟೆಂಟ್ ಪಡೆದುದರಿಂದ ‘ಪೇಟೆಂಟ್’ ಎಂಬ ಪದವಿರುವ ಅವನ ಅಡಿಗಲ್ಲು ಆ ವರ್ಷಕ್ಕಿಂತ ಹಳೆಯದಾಗಲಾರದು. ಪಾದಗಳ ಮುಂಭಾಗದಲ್ಲಿರುವ ಚಪ್ಪಟೆ ಅಂಚು ಅವನ ಕೆಲಸದ ಇನ್ನೊಂದು ಲಕ್ಷಣ. ಈ ಗುರುತುಗಳು ಸಾಮಾನ್ಯವಾಗಿ ಸೊಂಟದ ಒಂದು ಪಕ್ಕದಲ್ಲಿದ್ದು, ಮೇಲೆ ಹೇಳಿದ ಪೂಜೆಯ ಪದರದ ಕೆಳಗೆ ಅಡಗಿರಬಹುದು. ಆಗ ಪದರವನ್ನು ಕೆರೆಯದೆ, ತೆಳು ಕಾಗದ ಹೊದಿಸಿ ಪೆನ್ಸಿಲ್ಲಿನ ಮೊನೆಯನ್ನು ಓರೆಯಾಗಿ ಉಜ್ಜಿದರೆ ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಸ್ವೀಡನ್ನಿನ ಸೋಡರ್‌ಫೋರ್ಸ್ ಮತ್ತು ಕೋಲ್ಸ್ವಾ ಕಾರ್ಖಾನೆಗಳ ಉಕ್ಕಿನ ಎರಕದ ಅಡಿಗಲ್ಲುಗಳು ಗುಣದಲ್ಲಿ ಇವುಗಳಿಗೆ ಕಡಿಮೆಯಿಲ್ಲ. ಮೂರು ಗೆರೆ ಒಂದು ಬಿಂದುವಿನಲ್ಲಿ ಕೂಡುವ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸೊತ್ತನ್ನು ಸೂಚಿಸುತ್ತಿದ್ದುದರಿಂದ, ಅದು ಕಂಡಲ್ಲಿ ಅಡಿಗಲ್ಲು ದಂಡಿನ ಉಗ್ರಾಣದಿಂದ ಹೊರಬಂದದ್ದೆಂದು ಊಹಿಸಲು ಆಧಾರವಿದೆ.

ಬ್ರಿಟಿಷ್ ಅಡಿಗಲ್ಲಿನ ಮೇಲೆ ಚುಕ್ಕೆಗಳಿಂದ ಬೇರ್ಪಟ್ಟ ಮೂರು ಅಂಕಿಗಳಿರುತ್ತವೆ. ಇವನ್ನು ಕ್ರಮಸಂಖ್ಯೆಯೆಂದೋ ಇಸವಿಯೆಂದೋ ತಪ್ಪಾಗಿ ತಿಳಿಯುವವರು ಬಹಳ. ನಿಜವಾಗಿ ಇವು ತೂಕವನ್ನು ಹೇಳುತ್ತವೆ: ಮೊದಲ ಅಂಕಿ 112 ರತ್ತಲುಗಳ (ಪೌಂಡುಗಳ) ಹಂಡ್ರೆಡ್‌ವೇಟ್, ಎರಡನೆಯದು ಅದರ ಕಾಲುಭಾಗವಾದ 28 ರತ್ತಲು, ಮೂರನೆಯದು ಉಳಿದ ಬಿಡಿ ರತ್ತಲು. 1·2·14 ಎಂದಿದ್ದರೆ 112, 56 ಮತ್ತು 14 ಕೂಡಿ 182 ರತ್ತಲು, ಎಂದರೆ ಸುಮಾರು 82.5 ಕಿಲೊಗ್ರಾಂ, 0·3·20 ಎಂದಿದ್ದರೆ 104 ರತ್ತಲು, ಸುಮಾರು 47 ಕಿಲೊಗ್ರಾಂ. ಎರಡನೆಯ ಅಂಕಿ 3ನ್ನೂ ಮೂರನೆಯದು 27ನ್ನೂ ಮೀರುವಂತಿಲ್ಲವಾದ್ದರಿಂದ, ಮೀರಿದ್ದರೆ ಆ ಅಂಕಿಗಳ ಅರ್ಥ ಬೇರೆಯೇ ಆಗಿರಬೇಕು. ಹೀಗೆ ಲೆಕ್ಕಹಾಕಿದ ತೂಕವನ್ನು ಇಂದು ತಕ್ಕಡಿಯಲ್ಲಿ ತೂಗಿದ ತೂಕದೊಂದಿಗೆ ಹೋಲಿಸುವುದು ಲಾಭಕರ. ಎರಡರ ನಡುವಿನ ಅಂತರ ದೊಡ್ಡದಾದರೆ ಮುಖವನ್ನು ಅರೆದು ತೆಗೆದಿರುವ ಅಥವಾ ತುದಿ ಮುರಿದುಹೋಗಿರುವ ಸಂಭವ ಹೆಚ್ಚು. ಭಾರತದಲ್ಲಿ ಮೆಟ್ರಿಕ್ ತೂಕಗಳು 1958ರಿಂದ ಹಂತಹಂತವಾಗಿ ಜಾರಿಗೆ ಬಂದವಾದುದರಿಂದ ಕಿಲೊಗ್ರಾಮಿನಲ್ಲಿ ಗುರುತು ಮಾಡಿದ ಈ ದೇಶದ ಅಡಿಗಲ್ಲು ಅದಕ್ಕಿಂತ ಈಚಿನದೆಂದು ಎಣಿಸಬಹುದು. ಯುರೋಪಿನ ಇತರ ದೇಶಗಳಿಂದ ಬಂದವುಗಳಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ.

ರೈಲು ಕಂಬಿಯ ತುಂಡು

ದಕ್ಷಿಣ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಸ್ಥಾಪನೆಯಾಗಿ, ಆ ದಶಕ ಮುಗಿಯುವ ಮೊದಲು ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳನ್ನು ಮೀಟರ್‌ಗೇಜ್ ಮಾರ್ಗದಿಂದ ಕೂಡಿಸಿತು. ಈ ಲೇಖನದ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ಬರಲಿಲ್ಲ. ಆದರೆ ಕಂಬಿಯ ತುಂಡುಗಳು ಬಂದವು, ಹಾಗೂ ಊರಿನ ಚೌಕ ಗಟ್ಟಿಯ ಸ್ಥಾನವನ್ನು ಬಹಳ ಕಡೆ ಅವೇ ಹಿಡಿದವು. ಕಂಬಿಯ ಉಕ್ಕು ಊರಿನ ಗಟ್ಟಿಯ ಕಬ್ಬಿಣಕ್ಕಿಂತ ಬಹಳ ಗಡಸು, ಸವೆಯುವುದು ನಿಧಾನ. ದೋಷವೆಂದರೆ ಅದರ ತಲೆಯ ಕೆಳಗಿನ ತೆಳುಭಾಗ ಪೆಟ್ಟಿಗೆ ಕಂಪಿಸಿ ಶಕ್ತಿಯನ್ನು ಹೀರುತ್ತದೆ. ಇದನ್ನು ಅರಿತ ಕಂಬಾರರು ಕಂಬಿಯನ್ನು ಅಡ್ಡ ಮಲಗಿಸದೆ, ಲಂಬವಾಗಿ ನಿಲ್ಲಿಸಿ ಕೊಯ್ದ ತುದಿಯ ಮೇಲೆ ಕೆಲಸ ಮಾಡುವುದುಂಟು. ಆಗ ಇಡೀ ಉದ್ದದ ತೂಕ ಪೆಟ್ಟಿನ ನೇರಕ್ಕೆ ಬರುತ್ತದೆ.

ಗುಜರಿಯವರು ಕಡೆಗಣಿಸುವ ಈ ತುಂಡುಗಳಿಗೆ ಇತಿಹಾಸದ ದೃಷ್ಟಿಯಿಂದ ಒಂದು ವಿಶೇಷವಿದೆ: ಎಲ್ಲ ಬಗೆಯ ಅಡಿಗಲ್ಲುಗಳಲ್ಲಿ ಕಾಲವನ್ನು ಅತಿ ಖಚಿತವಾಗಿ ಹೇಳಬಲ್ಲವು ಇವೇ. ಕಂಬಿಯನ್ನು ಉರುಳೆಗೆ ಕೊಡುವಾಗಲೇ ಅದರ ನಡುಪಟ್ಟಿಯ ಮೇಲೆ ಕಾರ್ಖಾನೆಯ ಹೆಸರು, ತಯಾರಾದ ಇಸವಿ, ಕಂಬಿಯ ತೂಕದ ವರ್ಗ ಮತ್ತು ಹಲವು ಸಲ ಕೊಂಡ ರೈಲ್ವೆಯ ಮೊದಲಕ್ಷರಗಳು ಉಬ್ಬಾಗಿ ಮೂಡುತ್ತವೆ. ತುಂಡು ಕೊಯ್ದ ಜಾಗದಲ್ಲಿ ಈ ಬರಹದ ಸ್ವಲ್ಪ ಭಾಗವಾದರೂ ಉಳಿದಿದ್ದರೆ ಸಾಕು. ದಕ್ಷಿಣ ಮರಾಠಾ ರೈಲ್ವೆಯು 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಯಾದುದರಿಂದ ಮೊದಲಕ್ಷರಗಳೂ ಕಾಲವನ್ನು ಸೂಚಿಸುತ್ತವೆ. ಜಮಷೆಡ್‌ಪುರದ ಟಾಟಾ ಕಾರ್ಖಾನೆಯ ಹೆಸರಿದ್ದರೆ ಅದು 1912ರಲ್ಲಿ ಅಲ್ಲಿ ಉಕ್ಕು ತಯಾರಿಕೆ ಆರಂಭವಾದ ನಂತರದ್ದು. ಬರಹ ಪೂರ್ತಿ ಅಳಿಸಿದ್ದರೆ ತೂಕದಿಂದ ವರ್ಗವನ್ನು ತಿಳಿಯಬಹುದು. 30 ಸೆಂಟಿಮೀಟರ್ ಉದ್ದದ ತುಂಡು ಗಜಕ್ಕೆ 50 ರತ್ತಲಿನ ಕಂಬಿಯದಾದರೆ ಸುಮಾರು 7.4 ಕಿಲೊಗ್ರಾಂ, 60 ರತ್ತಲಿನದಾದರೆ 8.9, ಬ್ರಾಡ್‌ಗೇಜಿನ 90 ರತ್ತಲಿನದಾದರೆ 13.4, ಮೀಟರಿಗೆ 52 ಕಿಲೊಗ್ರಾಂ ತೂಗುವ ಈಚಿನ ಕಂಬಿಯದಾದರೆ 15.6 ಕಿಲೊಗ್ರಾಂ ತೂಗುತ್ತದೆ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಲ್ಲಿ ಮೀಟರ್‌ಗೇಜ್ ಮಾರ್ಗಗಳನ್ನು ಕಿತ್ತು ಬ್ರಾಡ್‌ಗೇಜ್ ಹಾಕಿದಾಗ ಹಗುರ ಕಂಬಿಗಳು ಬಳಕೆಯಿಂದ ಹೊರಬಿದ್ದವು. ಕಂಬಿಯ ಮೇಲಿನ ಇಸವಿ ಹಳೆಯದಾಗಿದ್ದು ಅಡಿಗಲ್ಲಾಗಿ ಅದರ ಬಾಳು ಈಚಿನದಾಗಿರುವುದಕ್ಕೆ ಇಂಥ ಸಂದರ್ಭವೂ ಕಾರಣವಾಗಿರಬಹುದಾದ್ದರಿಂದ, ಕಂಬಿಯ ವಯಸ್ಸನ್ನೂ ಅಡಿಗಲ್ಲಿನ ವಯಸ್ಸನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು. ರೈಲ್ವೆ ಸೊತ್ತನ್ನು ಅಕ್ರಮವಾಗಿ ಹೊಂದಿರುವುದು 1966ರ ಕಾಯಿದೆಯಂತೆ ಅಪರಾಧವಾಗಿರುವ ಕಾರಣ ಕೊಳ್ಳುವವರು ಹರಾಜಿನ ಅಥವಾ ಮಾರಾಟದ ಕಾಗದವನ್ನು ಕೇಳಿ ಇಟ್ಟುಕೊಳ್ಳುವುದು ಅವಶ್ಯ.

ಎರಕದ ಅಡಿಗಲ್ಲು ಮತ್ತು ಪರೀಕ್ಷೆ

ಇಂದು ಪೇಟೆಯಲ್ಲಿ ದೊರೆಯುವ ಕಡಿಮೆ ಬೆಲೆಯ ಅಡಿಗಲ್ಲುಗಳಲ್ಲಿ ಬೀಡುಕಬ್ಬಿಣದ ಎರಕದವೇ ಹೆಚ್ಚು. ಕೊಂಬಿನ ನಡುವೆ ಉದ್ದಕ್ಕೆ ಸಾಗುವ ಅಚ್ಚಿನ ಕೂಡುಗೆರೆ, ಮರಳಿನ ಒರಟು ಮೈ ಮತ್ತು ದಪ್ಪನೆಯ ಬಣ್ಣ ಇವುಗಳ ಲಕ್ಷಣ. ಬೀಡುಕಬ್ಬಿಣ ಪೆಟ್ಟಿಗೆ ಅಂಚು ಒಡೆಯುವ ಲೋಹವಾದುದರಿಂದ ಇವು ಗಂಭೀರ ಕೆಲಸಕ್ಕೆ ಒಗ್ಗುವುದಿಲ್ಲ.

ಸ್ಥಿತಿಯನ್ನು ಪರೀಕ್ಷಿಸಲು ದುಬಾರಿ ಸಾಧನಗಳು ಬೇಕಿಲ್ಲ. ಒಂದು ಅಂಗುಲ ವ್ಯಾಸದ ಬೇರಿಂಗಿನ ಉಕ್ಕಿನ ಗುಂಡನ್ನು 25 ಸೆಂಟಿಮೀಟರ್ ಎತ್ತರದಿಂದ ಮುಖದ ಮೇಲೆ ಬಿಟ್ಟು ಅದು ಎಷ್ಟು ಎತ್ತರಕ್ಕೆ ಪುಟಿಯುತ್ತದೆಂದು ಅಳತೆಪಟ್ಟಿ ನಿಲ್ಲಿಸಿ ನೋಡಬೇಕು. 18ರಿಂದ 22 ಸೆಂಟಿಮೀಟರ್ ಪುಟಿದರೆ ಮುಖ ಚೆನ್ನಾಗಿ ಗಡಸಾಗಿದೆ. ಅರ್ಧಕ್ಕಿಂತ ಕಡಿಮೆಯಾದರೆ ಮೆತ್ತಗಿನ ಕಬ್ಬಿಣ ಅಥವಾ ಬೀಡು. ಒಂದೇ ಕಡೆ ನೋಡಿ ತೀರ್ಮಾನಿಸದೆ ಮುಖದ ಉದ್ದಕ್ಕೂ ಹತ್ತಾರು ಕಡೆ ಪರೀಕ್ಷಿಸಿದಾಗ, ಎಲ್ಲಿಯಾದರೂ ಪುಟಿತ ಥಟ್ಟನೆ ಕುಗ್ಗಿದರೆ ಅಲ್ಲಿ ಉಕ್ಕಿನ ಫಲಕ ಕೆಳಗಿನ ಕಬ್ಬಿಣದಿಂದ ಬಿಟ್ಟಿದೆಯೆಂದು ಸಂಶಯಪಡಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಬಡಿದು ಮಾಡಿದ ಅಡಿಗಲ್ಲು ಗಂಟೆಯ ನಾದ ಕೊಡುತ್ತದೆ, ಬೀಡು ಮಂಕಾಗಿ ಸದ್ದು ಮಾಡುತ್ತದೆ. ಆದರೆ ದಿಮ್ಮಿಯಲ್ಲಿ ಹೂತ ಗಟ್ಟಿ ಎಂದೂ ನಾದ ಕೊಡದಾದ್ದರಿಂದ ಕೇವಲ ಸದ್ದನ್ನು ನಂಬಿ ಊರಿನ ಗಟ್ಟಿಗಳನ್ನು ತಳ್ಳಿಹಾಕಬಾರದು. ಗಡಸು ಮುಖದ ಮೇಲೆ ಅರ ಹಿಡಿಯದೆ ಜಾರುತ್ತದೆ. ಈ ಅರದ ಪರೀಕ್ಷೆಯನ್ನು ಕಣ್ಣಿಗೆ ಬೀಳದ ಅಂಚಿನಲ್ಲಿ, ಒಂದೇ ಸಲ ಮಾಡಬೇಕು.

ಬೆಂಕಿಗೆ ಸಿಕ್ಕ ಅಡಿಗಲ್ಲು ಕಣ್ಣಿಗೆ ಸರಿಯಾಗಿದ್ದರೂ ಒಳಗೆ ಹಾಳಾಗಿರುತ್ತದೆ. ಸುಟ್ಟ ಕಟ್ಟಡದಲ್ಲಿ ಗಂಟೆಗಟ್ಟಲೆ ಕಾದು ತಾನಾಗಿ ಆರಿದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ನೀರಿನಿಂದ ಇಂಥ ಹಾನಿಯಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಊರುಗಳು ಮುಳುಗಿದಂಥ ಸಂದರ್ಭದಲ್ಲಿ ಕೆಸರಿನಡಿ ಉಳಿದ ಅಡಿಗಲ್ಲಿಗೆ ಮೇಲಿನ ತುಕ್ಕಿನ ಹೊರತು ಬೇರೆ ನಷ್ಟವಾಗದು, ನಷ್ಟವಾಗುವುದು ದಿಮ್ಮಿಗೆ ಮತ್ತು ತಿದಿಯ ತೊಗಲಿಗೆ. ಎಲ್ಲಕ್ಕಿಂತ ಕೆಟ್ಟ ಹಾನಿ ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ತಗ್ಗಿದ ಮುಖವನ್ನು ಸಮಮಾಡಲು ಯಂತ್ರದಲ್ಲಿ ಅರೆಸಿದರೆ ಹಳೆಯ ಬ್ರಿಟಿಷ್ ಅಡಿಗಲ್ಲುಗಳಲ್ಲಿ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟೇ ದಪ್ಪವಿರುವ ಉಕ್ಕಿನ ಫಲಕ ತೆಳುವಾಗಿ, ಮುಂದೆ ಪೆಟ್ಟಿಗೆ ಒಡೆಯುತ್ತದೆ. ವಿದ್ಯುತ್ ಬೆಸುಗೆಯಿಂದ ಅಂಚು ತುಂಬಿಸಿದಲ್ಲಿ ಬಣ್ಣ ಹಾಗೂ ಪುಟಿತ ಎರಡೂ ಬೇರೆಯಾಗಿ ಕಾಣುತ್ತವೆ.

ಬೆಲೆ

ವಿದೇಶಗಳ ಸಂಗ್ರಾಹಕರು ಅಡಿಗಲ್ಲಿಗೆ ತೂಕದ ಮೇಲೆ ದರ ಕಟ್ಟಿ, ತಯಾರಕನ ಹೆಸರು ಮತ್ತು ಮುಖದ ಸ್ಥಿತಿಗೆ ತಕ್ಕಂತೆ ಅದನ್ನು ಏರಿಳಿಸುತ್ತಾರೆ. ಈ ಪದ್ಧತಿ ಕೊಂಬಿನ ಅಡಿಗಲ್ಲಿಗೆ ಒಂದು ಮಟ್ಟಿಗೆ ಹೊಂದುತ್ತದೆ. ಊರಿನ ಗಟ್ಟಿಗೆ ಅನ್ವಯಿಸಿದರೆ ಅನ್ಯಾಯವಾಗುತ್ತದೆ. ಹಲವು ತಲೆಮಾರು ಬಾಳಿದ ಗಟ್ಟಿ ಅಷ್ಟೇ ಹಗುರಾಗಿರುವುದರಿಂದ, ತೂಕದ ಲೆಕ್ಕದಲ್ಲಿ ಹೆಚ್ಚು ದುಡಿದದ್ದಕ್ಕೆ ಕಡಿಮೆ ಬೆಲೆ ಸಿಗುತ್ತದೆ. ತಯಾರಕನ ಹೆಸರು ಅದರ ಮೇಲೆ ಇರುವುದೇ ಇಲ್ಲ. ಹೀಗಾಗಿ ಗುಜರಿಯ ತಕ್ಕಡಿಯಲ್ಲಿ ಅದು ಸಾಮಾನ್ಯ ಕಬ್ಬಿಣವಾಗಿ ಕರಗಿಸುವ ಕುಲುಮೆಗೆ ಹೋಗುತ್ತದೆ, ಮತ್ತು ಈ ಸೀಮೆಯ ಕಬ್ಬಿಣದ ಇತಿಹಾಸಕ್ಕೆ ಉಳಿದಿರುವ ಕೆಲವೇ ಭೌತಿಕ ಆಧಾರಗಳಲ್ಲಿ ಒಂದು ಇಲ್ಲವಾಗುತ್ತದೆ.

ಸರಿಯಾದ ಕ್ರಮದಲ್ಲಿ ಗುಜರಿ ಬೆಲೆಯನ್ನು ಕೆಳಗಿನ ಮಿತಿಯಾಗಿ ಮಾತ್ರ ಇಟ್ಟುಕೊಂಡು, ಮೊದಲು ಕೆಲಸದ ಬೆಲೆಯನ್ನು ನೋಡಬೇಕು: ಇಂದು ಕುಲುಮೆ ನಡೆಸುವವನು ಅದೇ ತೂಕದ, ಅದೇ ಗಡಸುತನದ ಹೊಸ ಅಡಿಗಲ್ಲಿಗೆ ಎಷ್ಟು ಕೊಡಬೇಕಾಗುತ್ತದೆಯೋ ಅದು. ಒಂದು ಅಂಚಾದರೂ ಒಂದು ಗೇಣಿನಷ್ಟು ಚೊಕ್ಕವಾಗಿದ್ದರೆ ಇನ್ನೊಂದು ಅಂಚು ಒಡೆದಿದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ಮುಖದ ತುಸು ತಗ್ಗು ಕೂಡ ಪಟ್ಟಿ ನೇರಮಾಡಲು ಉಪಯುಕ್ತವೇ. ಅನಂತರ ಬರುವುದು ಇತಿಹಾಸದ ಬೆಲೆ. ಅದು ನಿಂತಿರುವುದು ವಸ್ತುವಿನೊಂದಿಗೆ ಉಳಿದು ಬಂದ ಮಾಹಿತಿಯ ಮೇಲೆ: ಯಾವ ಊರಿನ ಯಾವ ಮನೆತನದ ಕಂಬಾರಸಾಲೆ, ಯಾವ ಉಪಕರಣಗಳು ಅದರ ಮೇಲೆ ಆಗುತ್ತಿದ್ದವು, ಎಷ್ಟು ರೈತಮನೆಗಳ ಆಯ ಆ ಸಾಲೆಗೆ ಇತ್ತು, ಜೊತೆಗಿದ್ದ ತೂತಿನ ತುಂಡು, ಇಕ್ಕಳ, ಘಣಗಳು ಎಲ್ಲಿವೆ. ಊರಿನ ಹೆಸರು ತಿಳಿಯದ 80 ಕಿಲೊಗ್ರಾಂ ತೂಕದ ಇಂಗ್ಲಿಷ್ ಅಡಿಗಲ್ಲಿಗಿಂತ ಈ ವಿವರಗಳೆಲ್ಲ ತಿಳಿದಿರುವ 15 ಕಿಲೊಗ್ರಾಂ ಗಟ್ಟಿ ಸಂಗ್ರಹಾಲಯಕ್ಕೆ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಮೊದಲನೆಯದಕ್ಕೆ ಸಮನಾದವು ಲೋಕದಲ್ಲಿ ಇನ್ನೂ ಸಾಕಷ್ಟು ಇವೆ. ದಾಖಲೆಗಳಲ್ಲಿ ಹುಡುಕುವಾಗ ಬೈಲಹೊಂಗಲವು ಹಿಂದೆ ಸಂಪಗಾಂವ ತಾಲೂಕಿಗೂ, ಸವದತ್ತಿಯು ಪರಸಗಡ ತಾಲೂಕಿಗೂ ಸೇರಿದ್ದವೆಂಬುದನ್ನು, ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತೆಂಬುದನ್ನು ನೆನಪಿಡಬೇಕು.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ ಗತಕಾಲದ ಕಸುಬುಗಳನ್ನು ಪ್ರತಿನಿಧಿಸುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನೂ ಪುರಾತನ ವಸ್ತುವಿನ ವ್ಯಾಖ್ಯೆಯಲ್ಲಿ ಸೇರಿಸಿಕೊಳ್ಳುತ್ತದೆ. ಅಂಥವನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಶತಮಾನ ದಾಟಿದ ಅಡಿಗಲ್ಲನ್ನು ಹೊರದೇಶದ ಸಂಗ್ರಾಹಕರಿಗೆ ಕಳಿಸಬಯಸುವವರು ಮೊದಲು ಪುರಾತತ್ವ ಇಲಾಖೆಯನ್ನು ವಿಚಾರಿಸಬೇಕು.

ಟ್ರ್ಯಾಕ್ಟರ್ ಬಂದು ಕುಂಟೆ, ಕೂರಿಗೆಗಳು ಕಾರ್ಖಾನೆಯಿಂದಲೇ ಬರತೊಡಗಿದ ಮೇಲೆ ಕಂಬಾರಸಾಲೆಗಳು ಒಂದೊಂದಾಗಿ ಮುಚ್ಚಿವೆ. ಈ ಬದಲಾವಣೆಯ ಮೊದಲ ಹೆಜ್ಜೆ ಬಹಳ ಹಿಂದಿನದು: ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿದರು, ಸವೆದಾಗ ಬದಲಿಸುವ ಎರಕದ ಕುಳ ಬಂದಲ್ಲಿ ಹಣಿಯುವ ಕೆಲಸ ಅಷ್ಟಕ್ಕೆ ಕಡಿಮೆಯಾಯಿತು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದ್ದು, ಉಪಕರಣ ಕೊಳ್ಳಲು 15,000 ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ಕಸುಬು ಉಳಿಯಲು ಇದು ಸಹಾಯಕ. ಆದರೆ ಹೊಸ ಉಪಕರಣ ಬಂದ ದಿನವೇ ಹಳೆಯದು ಗುಜರಿಗೆ ಹೋಗುವ ಅಪಾಯವೂ ಇರುವುದರಿಂದ, ಅದಕ್ಕೆ ಮೊದಲು ಅಡಿಗಲ್ಲಿನ ಅಳತೆ, ತೂಕ, ನಾಲ್ಕು ಪಕ್ಕಗಳ ಹಾಗೂ ಮುಖದ ಚಿತ್ರ, ದಿಮ್ಮಿಯ ಮರದ ಜಾತಿ ಮತ್ತು ಮನೆಯ ಹಿರಿಯರ ಹೇಳಿಕೆ ದಾಖಲಾಗಬೇಕು. ಕಿತ್ತೂರು ಕೋಟೆಯ ಆವರಣದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಂಥ ದಾಖಲೆ ಹಾಗೂ ವಸ್ತುಗಳನ್ನು ಒಪ್ಪಿಸಲು ಈ ಸೀಮೆಯವರಿಗೆ ಹತ್ತಿರದ ಸ್ಥಳಗಳು. ಮನೆಯಲ್ಲಿಯೇ ಇಟ್ಟುಕೊಳ್ಳುವವರು ತಂತಿಯ ಬ್ರಷ್, ಆಮ್ಲ, ಬಣ್ಣ ಇವನ್ನು ದೂರವಿಟ್ಟು, ಒಣ ಬಟ್ಟೆಯಿಂದ ಒರೆಸಿ, ಮುಖಕ್ಕೆ ಮಾತ್ರ ವರ್ಷಕ್ಕೊಮ್ಮೆ ತೆಳುವಾಗಿ ಅಗಸೆ ಎಣ್ಣೆ ಸವರಿ, ಸಾಧ್ಯವಾದರೆ ಅದರ ದಿಮ್ಮಿಯಿಂದ ಬೇರ್ಪಡಿಸದೆ ನೆಲದ ತೇವ ತಾಗದ ಜಾಗದಲ್ಲಿ ಇಡಬೇಕು.